ಗೆಡ್ಡೆ ಬೆಳೆಯಿತೋ, ಅಳತೆ ಬದಲಾಯಿತೋ?

ಕಾಮರ್ಸ್ ಓದುವವಳಿಗೆ ಎಂಆರ್‌ಐ ಸ್ಕ್ಯಾನ್ ಸಹವಾಸ ಯಾಕೆ ಎಂದು ಸೈನ್ಸ್ ವಿಭಾಗದ ಗೆಳತಿಯರು ಕೇಳಬಹುದು. ಇದರಲ್ಲಿ ಬರುವ ಗಣಿತ ನಮ್ಮ ಚಕ್ರಬಡ್ಡಿಯ ಲೆಕ್ಕವೇ. ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ಒಳಕಿವಿಯಿಂದ ಮೆದುಳಿಗೆ ಹೋಗುವ ಎಂಟನೆಯ ನರ ಶಬ್ದದ ಸುದ್ದಿಯನ್ನೂ ದೇಹದ ಸಮತೋಲನದ ಸುದ್ದಿಯನ್ನೂ ಒಯ್ಯುತ್ತದೆ. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇದ್ದ ಹಾಗೆ ಈ ನರಕ್ಕೆ ಶ್ವಾನ್ ಕೋಶಗಳ ಹೊದಿಕೆ ಇದೆ. ಆ ಕೋಶಗಳು ಒಂದು ಕಡೆ ಮಿತಿಮೀರಿ ಬೆಳೆದರೆ ಗೆಡ್ಡೆಯಾಗುತ್ತದೆ. ಅದರ ಹೆಸರು ವೆಸ್ಟಿಬ್ಯುಲರ್ ಶ್ವಾನೋಮಾ; ಹಳೆಯ ಹೆಸರು ಅಕೌಸ್ಟಿಕ್ ನ್ಯೂರೋಮಾ. ಇದು ಕ್ಯಾನ್ಸರ್ ಅಲ್ಲ. ಆದರೆ ತಲೆಬುರುಡೆಯೊಳಗೆ ಖಾಲಿ ಜಾಗ ಕಡಿಮೆ. ಗೆಡ್ಡೆ ದೊಡ್ಡದಾದರೆ ಮೆದುಳಿನ ಕಾಂಡವನ್ನು ಒತ್ತುತ್ತದೆ. ಮುಖದ ನರವೂ ಪಕ್ಕದಲ್ಲೇ ಹಾದುಹೋಗುತ್ತದೆ.

ಜ್ಞಾನಭಾರತಿಯಲ್ಲಿರುವ ನನ್ನ ಖಾಲಾಗೆ ಎಡಕಿವಿ ಮಂದ. ಮೆಟ್ರೋ ನಿಲ್ದಾಣದಲ್ಲಿ ಯಾರಾದರೂ ಕರೆದರೆ ದನಿ ಯಾವ ದಿಕ್ಕಿನಿಂದ ಬಂತೆಂದು ಅವರಿಗೆ ತಿಳಿಯುವುದಿಲ್ಲ. ಮೊದಲ ಸ್ಕ್ಯಾನ್ ವರದಿಯಲ್ಲಿ ಗೆಡ್ಡೆ 14 ಮಿ.ಮೀ. ಎಂದಿತ್ತು. ಒಂದು ವರ್ಷದ ನಂತರ ಬೇರೊಂದು ಕೇಂದ್ರದಲ್ಲಿ ಮಾಡಿಸಿದಾಗ 21 ಮಿ.ಮೀ.! ಅಮ್ಮಿ ಆ ರಾತ್ರಿ ಊಟ ಮಾಡಲಿಲ್ಲ. ಆಪರೇಷನ್‌ಗೆ ಹಣ ಎಲ್ಲಿಂದ ತರುವುದು ಎಂದು ಮಾಮು ಆಗಲೇ ಲೆಕ್ಕ ಹಾಕತೊಡಗಿದ್ದರು.

ವೈದ್ಯರು ಎರಡೂ ಸಿಡಿಗಳನ್ನು ಒಂದೇ ಕಂಪ್ಯೂಟರ್‌ನಲ್ಲಿ ಹಾಕಿ ತಾವೇ ಅಳೆದರು. ಈ ಗೆಡ್ಡೆ ಸಾಮಾನ್ಯವಾಗಿ ಕೋನ್ ಐಸ್‌ಕ್ರೀಮ್ ಆಕಾರದಲ್ಲಿರುತ್ತದೆ. ಕೋನ್‌ನಂಥ ಭಾಗ ಕಿವಿಯ ಮೂಳೆಯೊಳಗಿನ ಕಾಲುವೆಯಲ್ಲಿ, ಉಂಡೆಯಂಥ ಭಾಗ ಹೊರಗೆ ಮೆದುಳಿನ ಕಡೆಗೆ. ಮೊದಲ ವರದಿಯವರು ಉಂಡೆಯನ್ನು ಮಾತ್ರ ಅಳೆದಿದ್ದರು, ಎರಡನೆಯವರು ಕೋನ್ ಸೇರಿಸಿ ಅಳೆದಿದ್ದರು. ಉಂಡೆ ಆಗಲೂ 14, ಈಗಲೂ 14. ಹೊರಗಿನ ಭಾಗವನ್ನೂ ಕಾಲುವೆಯೊಳಗಿನದನ್ನೂ ಬೇರೆ ಬೇರೆಯಾಗಿ ಹೇಳಬೇಕೆಂದು 2003ರಲ್ಲಿ ಪ್ರಕಟವಾದ ತಜ್ಞರ ಒಮ್ಮತದ ಸಲಹೆಯೇ ಇದೆ. ಅಕೌಂಟೆನ್ಸಿಯಲ್ಲಿ ನಾವು ಓದುವ ಕನ್ಸಿಸ್ಟೆನ್ಸಿ ಇದೇ ತಾನೆ? ಕಳೆದ ವರ್ಷ ಒಂದು ವಿಧಾನದಲ್ಲಿ ಸ್ಟಾಕ್ ಬೆಲೆ ಕಟ್ಟಿ ಈ ವರ್ಷ ಇನ್ನೊಂದರಲ್ಲಿ ಕಟ್ಟಿದರೆ ಬಂದ ಲಾಭ ನಿಜವಾದ ಲಾಭವಲ್ಲ.

ಈಗ ಚಕ್ರಬಡ್ಡಿಗೆ ಬರೋಣ. 20 ಮಿ.ಮೀ. ವ್ಯಾಸದ ಗೆಡ್ಡೆ 22 ಆದರೆ ಶೇಕಡ 10 ಹೆಚ್ಚಾಯಿತು ಎನ್ನುತ್ತೇವೆ. ಆದರೆ ಗೆಡ್ಡೆ ಉದ್ದ, ಅಗಲ, ಎತ್ತರ ಮೂರರಲ್ಲೂ ಬೆಳೆಯುತ್ತದೆ. 1.1 × 1.1 × 1.1 = 1.331. ಅಂದರೆ ಒಟ್ಟು ಗಾತ್ರ ಶೇಕಡ 33 ಹೆಚ್ಚಾಗಿದೆ. ಶೇಕಡ 10ರ ಚಕ್ರಬಡ್ಡಿಯಲ್ಲಿ ಮೂರು ವರ್ಷಕ್ಕೆ ಬರುವ ಉತ್ತರವೂ ಇದೇ. ವ್ಯಾಸ ಎರಡು ಪಟ್ಟಾದರೆ ಗಾತ್ರ ಎಂಟು ಪಟ್ಟು.

ಗಾತ್ರ ಅಂದಾಜು ಮಾಡಲು ಸುಲಭದ ದಾರಿ ಉದ್ದ × ಅಗಲ × ಎತ್ತರ ÷ 2. ಉದಾಹರಣೆಗೆ 20, 16, 15 ಮಿ.ಮೀ. ಇದ್ದರೆ 2400 ಘನ ಮಿ.ಮೀ., ಅಂದರೆ 2.4 ಸಿಸಿ, ಸುಮಾರು ಅರ್ಧ ಟೀ ಚಮಚ. ಆದರೆ ಈ ಸೂತ್ರ ಗೆಡ್ಡೆಯನ್ನು ಮೊಟ್ಟೆಯಂತೆ ನುಣುಪಾಗಿದೆ ಎಂದುಕೊಳ್ಳುತ್ತದೆ. ಕೋನ್ ಐಸ್‌ಕ್ರೀಮ್ ಮೊಟ್ಟೆಯಂತಿಲ್ಲವಲ್ಲ! ಹೆಚ್ಚು ನಂಬಬಹುದಾದ ದಾರಿ ಬೇಕರಿ ಬ್ರೆಡ್ಡಿನದು. ಎಂಆರ್‌ಐ ಗೆಡ್ಡೆಯನ್ನು ಹೋಳು ಹೋಳಾಗಿ ತೋರಿಸುತ್ತದೆ. ಪ್ರತಿ ಹೋಳಿನಲ್ಲಿ ಗೆಡ್ಡೆಯ ಅಂಚು ಗುರುತಿಸಿ, ವಿಸ್ತೀರ್ಣವನ್ನು ಹೋಳಿನ ದಪ್ಪದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಬೇಕು. ಹದಿನೇಳನೆಯ ಶತಮಾನದ ಇಟಲಿಯ ಗಣಿತಜ್ಞ ಕವಲಿಯೇರಿಯ ಹೆಸರಿನ ತತ್ವ ಇದರ ಹಿಂದಿದೆ. ಹೋಳು ತೆಳುವಾದಷ್ಟೂ ಒಳ್ಳೆಯದು: 9 ಮಿ.ಮೀ. ಗೆಡ್ಡೆ 3 ಮಿ.ಮೀ. ದಪ್ಪದಲ್ಲಿ ಮೂರೇ ಹೋಳು, 1 ಮಿ.ಮೀ. ದಪ್ಪದಲ್ಲಿ ಒಂಬತ್ತು.

ಚಿಕ್ಕ ಗೆಡ್ಡೆಯಲ್ಲಿ ಅಳೆಯುವವರ ಕೈ ಸ್ವಲ್ಪ ಜರುಗಿದರೂ ಲೆಕ್ಕ ಹಾರಿಹೋಗುತ್ತದೆ. 8 ಮಿ.ಮೀ. ಇದ್ದದ್ದನ್ನು 9 ಎಂದು ಬರೆದರೆ ಗಾತ್ರ ಶೇಕಡ 42 ಹೆಚ್ಚಿದಂತೆ ಕಾಣುತ್ತದೆ, ಗೆಡ್ಡೆ ಅಲುಗಾಡದಿದ್ದರೂ. ಅದಕ್ಕೇ ಸಾಮಾನ್ಯವಾಗಿ 2 ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸವನ್ನು ವೈದ್ಯರು ಬೆಳವಣಿಗೆ ಎಂದು ಒಪ್ಪುವುದಿಲ್ಲ.

ಈ ಅಂಕಿಗಳ ಮೇಲೆಯೇ ಚಿಕಿತ್ಸೆ ನಿಂತಿದೆ. ಬೆಳೆಯದ ಚಿಕ್ಕ ಗೆಡ್ಡೆಯನ್ನು ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಿದ್ದರೆ ಸಾಕು. ವರ್ಷಗಟ್ಟಲೆ ಹಾಗೇ ಉಳಿಯುವವು ಎಷ್ಟೋ ಇವೆ. ಸುಮಾರು 3 ಸೆಂ.ಮೀ. ಒಳಗಿದ್ದು ಬೆಳೆಯುತ್ತಿದ್ದರೆ ಗಾಮಾ ನೈಫ್ ಒಂದು ದಾರಿ. ಹೆಸರಿನಲ್ಲಿ ಚಾಕು ಇದ್ದರೂ ಅದು ವಿಕಿರಣ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ಯಂತ್ರವಿದೆ. ಅದರ ನಂತರ ಕೆಲವರಲ್ಲಿ ಗೆಡ್ಡೆ ಕೆಲವು ತಿಂಗಳು ಊದಿಕೊಂಡು ಆಮೇಲೆ ಕುಗ್ಗುತ್ತದೆ, ಆಗಲೂ ವರದಿ ನೋಡಿ ಮನೆಯವರು ಹೆದರುತ್ತಾರೆ. ಮೆದುಳಿನ ಕಾಂಡವನ್ನು ಒತ್ತುವ ದೊಡ್ಡ ಗೆಡ್ಡೆಗೆ ಶಸ್ತ್ರಚಿಕಿತ್ಸೆಯೇ ಬೇಕು. ಗೆಡ್ಡೆ ದೊಡ್ಡದಾದಷ್ಟೂ ಮುಖದ ನರವನ್ನು ಉಳಿಸುವುದು ಕಷ್ಟ.

ಆದ್ದರಿಂದ ಮನೆಯಲ್ಲಿ ಯಾರದಾದರೂ ಎಂಆರ್‌ಐ ಆದರೆ ವರದಿಯ ಹಾಳೆ ಸಾಲದು, ಸಿಡಿಯನ್ನೂ ಕೇಳಿ ಪಡೆಯಿರಿ. ಮುಂದಿನ ಸಲ ಹೋಗುವಾಗ ಹೊಸದರ ಜೊತೆ ಮೊಟ್ಟಮೊದಲ ಸ್ಕ್ಯಾನಿನ ಸಿಡಿಯನ್ನೂ ತೆಗೆದುಕೊಂಡು ಹೋಗಿ. ವರ್ಷಕ್ಕೆ ಅರ್ಧ ಮಿ.ಮೀ.ನಂತೆ ನಿಧಾನ ಬೆಳೆಯುವ ಗೆಡ್ಡೆ ಹಿಂದಿನ ವರ್ಷದ್ದಕ್ಕೆ ಹೋಲಿಸಿದರೆ ಸಿಕ್ಕಿಬೀಳುವುದಿಲ್ಲ, ಐದು ವರ್ಷ ಹಿಂದಿನದಕ್ಕೆ ಹೋಲಿಸಿದರೆ ಸಿಕ್ಕಿಬೀಳುತ್ತದೆ.