ಬೆಕ್ಕಿನ ಮೂಗಿಗೆ ಫಂಗಸ್ ಬಂದಿದೆಯೇ? ಸಿಟಿ ಸ್ಕ್ಯಾನ್ ಒಂದರಿಂದಲೇ ಗೊತ್ತಾಗುತ್ತಾ?

ಬೆಕ್ಕು ಸೀನಿದರೆ, ಮೂಗು ಊದಿದರೆ ಅದು ಫಂಗಸ್, ಮನೆಯವರಿಗೆಲ್ಲ ಹರಡುತ್ತದೆ, ಕೂಡಲೇ ಹೊರಗೆ ಬಿಟ್ಟುಬಿಡಿ ಎನ್ನುವ ಥರದ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. 2021ರಲ್ಲಿ ಬ್ಲ್ಯಾಕ್ ಫಂಗಸ್ ಕಂಡ ನಮಗೆ ಫಂಗಸ್ ಎಂಬ ಪದವೇ ಭಯ ಹುಟ್ಟಿಸುತ್ತದೆ. ಫಾರ್ವರ್ಡ್ ಮಾಡುವ ಮೊದಲು ವಿಷಯ ಏನೆಂದು ನೋಡೋಣ.

ಬೆಕ್ಕಿನ ನೆಗಡಿಗೆ ಹೆಚ್ಚಿನ ಸಲ ಕಾರಣ ಹರ್ಪಿಸ್ ಮತ್ತು ಕ್ಯಾಲಿಸಿ ಜಾತಿಯ ವೈರಸ್‌ಗಳು. ಬೆಕ್ಕಿನಿಂದ ಬೆಕ್ಕಿಗೆ ಹರಡುವ ಇವು ನಮಗೆ ಅಂಟುವುದಿಲ್ಲ. ಫಂಗಸ್ ಅಪರೂಪ. ಆದರೆ ವಾರಗಟ್ಟಲೆ ಸಿಂಬಳ ಅಥವಾ ರಕ್ತ ಸೋರುತ್ತಿದ್ದರೆ, ಮೂಗಿನ ಮೇಲೆ ಗಂಟು ಎದ್ದಿದ್ದರೆ, ಒಂದು ಕಣ್ಣು ಮುಂದಕ್ಕೆ ಉಬ್ಬಿದ್ದರೆ ನೆಗಡಿ ಎಂದುಕೊಂಡು ಕಾಯಬೇಡಿ.

ಮುಖ್ಯವಾಗಿ ಎರಡು ಫಂಗಸ್‌ಗಳು ಈ ತೊಂದರೆ ಕೊಡುತ್ತವೆ. ಒಂದು ಕ್ರಿಪ್ಟೋಕಾಕಸ್, ಪಾರಿವಾಳದ ಹಿಕ್ಕೆ ಬಿದ್ದ ಜಾಗದಲ್ಲಿ ಬೆಳೆಯುವಂಥದ್ದು. ಇನ್ನೊಂದು ಆಸ್ಪರ್ಜಿಲಸ್, ಕೊಳೆತ ಎಲೆ, ಗೊಬ್ಬರದ ಬೂಷ್ಟು. ಚಪ್ಪಟೆ ಮುಖದ ಪರ್ಷಿಯನ್ ಬೆಕ್ಕುಗಳಲ್ಲಿ ಆಸ್ಪರ್ಜಿಲಸ್ ಹೆಚ್ಚು. ಇದರ ಒಂದು ಬಗೆ ಮೂಗಿನಿಂದ ಕಣ್ಣಿನ ಗುಳಿಗೆ ನುಗ್ಗುತ್ತದೆ.

ಹಾಗಾದರೆ ಎಕ್ಸ್‌ರೇ ಸಾಕಲ್ಲವೇ? ಬೆಕ್ಕಿನ ಮೂಗಿನೊಳಗೆ ಕಾಗದದ ಸುರುಳಿಯಂಥ ತೆಳು ಮೂಳೆಗಳಿವೆ. ಎಕ್ಸ್‌ರೇಯಲ್ಲಿ ಅವೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಸಿಟಿ ಸ್ಕ್ಯಾನ್ ಬ್ರೆಡ್ ಹೋಳು ಮಾಡಿದಂತೆ ತಲೆಯನ್ನು ಪದರ ಪದರವಾಗಿ ತೋರಿಸುತ್ತದೆ: ಗಡ್ಡೆ ಎಲ್ಲಿದೆ, ಯಾವ ಮೂಳೆ ಕರಗಿದೆ, ಕಣ್ಣಿನ ಹಿಂದೆ ಏನಾದರೂ ಇದೆಯೇ ಎಂದು. ಮೂಗು ಮತ್ತು ಮೆದುಳಿನ ನಡುವೆ ಜರಡಿಯಂಥ ಒಂದು ಮೂಳೆಯಿದೆ. ಅದು ತೂತಾಗಿದ್ದರೆ ಮೂಗಿಗೆ ಹಾಕುವ ಔಷಧ ಮೆದುಳಿನತ್ತ ಹೋಗುವ ಅಪಾಯವಿರುವುದರಿಂದ, ಅದನ್ನು ಮೊದಲೇ ನೋಡಿಕೊಳ್ಳಬೇಕು. ಮೆದುಳಿಗೇ ತಾಗಿದ ಅನುಮಾನವಿದ್ದರೆ ಎಂಆರ್‌ಐ ಇನ್ನೂ ಸ್ಪಷ್ಟ. ಬೆಕ್ಕು ಅಲ್ಲಾಡದೆ ಮಲಗುವ ಪ್ರಾಣಿಯಲ್ಲ, ಹಾಗಾಗಿ ಸಾಮಾನ್ಯವಾಗಿ ಅರಿವಳಿಕೆ ಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಸ್ಕ್ಯಾನ್ ಹೇಳುವುದು ರೋಗ ಎಲ್ಲಿದೆ ಎಂದು ಮಾತ್ರ. ಯಾವ ರೋಗ ಎಂದು ಅದೊಂದೇ ಖಚಿತವಾಗಿ ಹೇಳಲಾರದು. ಬೆಕ್ಕಿನ ಮೂಗಿನಲ್ಲಿ ಬರುವ ಲಿಂಫೋಮಾ ಎಂಬ ಕ್ಯಾನ್ಸರ್ ಕೂಡ ಹಾಗೆಯೇ ಗಡ್ಡೆಯಾಗಿ, ಮೂಳೆ ತಿಂದು ಕಾಣಿಸುತ್ತದೆ. ಆದ್ದರಿಂದ ಸ್ಕ್ಯಾನ್ ತೋರಿಸಿದ ಜಾಗದಿಂದಲೇ ಚೂರು ತೆಗೆದು ಬಯಾಪ್ಸಿ, ಕಲ್ಚರ್ ಮಾಡಿಸಬೇಕು. ಕ್ರಿಪ್ಟೋಕಾಕಸ್‌ಗೆ ಮಾತ್ರ ನಂಬಬಹುದಾದ ರಕ್ತ ಪರೀಕ್ಷೆಯೂ ಇದೆ. ಸ್ಕ್ಯಾನ್ ಖರ್ಚು ಹೊರೆಯಾದವರು ಆ ಪರೀಕ್ಷೆ ಮೊದಲು ಮಾಡಿಸಬಹುದೇ ಎಂದು ಪಶುವೈದ್ಯರನ್ನು ಕೇಳಿ, ಇದು ಕೇಳಲೇಬೇಕಾದ ಪ್ರಶ್ನೆ ಎನ್ನುತ್ತೇವೆ ನಾವು. ಊಹೆಯ ಮೇಲೆ ಸ್ಟೀರಾಯ್ಡ್ ಕೊಟ್ಟರೆ, ಫಂಗಸ್ ಇದ್ದಲ್ಲಿ ಅದು ಇನ್ನಷ್ಟು ಹಬ್ಬುತ್ತದೆ.

ಮನೆಯವರಿಗೆ ಹರಡುವ ಮಾತು? ಈ ಎರಡೂ ಫಂಗಸ್ ಬೆಕ್ಕಿಗೂ ನಮಗೂ ಬರುವುದು ಮಣ್ಣು, ಗಾಳಿಯಿಂದ. ಬೆಕ್ಕನ್ನು ಹೊರಗೆ ಹಾಕಿದರೆ ಪಾರಿವಾಳದ ಹಿಕ್ಕೆ ಬಾಲ್ಕನಿಯಲ್ಲೇ ಉಳಿಯುತ್ತದೆ! ಸ್ಪೊರೋಥ್ರಿಕ್ಸ್ ಎಂಬ ಬೇರೊಂದು ಫಂಗಸ್ ಮಾತ್ರ ಬೆಕ್ಕು ಪರಚಿದರೆ, ಕಚ್ಚಿದರೆ ಮನುಷ್ಯರಿಗೆ ಬರಬಲ್ಲದು. ಬ್ರೆಜಿಲ್‌ನಲ್ಲಿ ಅದು ದೊಡ್ಡ ಸಮಸ್ಯೆಯಾಗಿದೆ. ಹುಣ್ಣಿರುವ ಬೆಕ್ಕನ್ನು ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ.

ಮನೆಮದ್ದಿನ ವಿಷಯ: ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿನ ಜೀವವನ್ನೇ ತೆಗೆಯಬಲ್ಲದು. ಕರ್ಪೂರವಿರುವ ಬಾಮ್ ಕೂಡ ವಿಷ. ಫಂಗಸ್ ಎಂದು ಖಚಿತವಾದರೆ ಇಟ್ರಾಕೊನಜೋಲ್, ಫ್ಲುಕೊನಜೋಲ್‌ನಂಥ ಔಷಧವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ, ಮೂಗಿನ ಊತ ಇಳಿದ ಮೇಲೂ.