ಲೋಹದ ನಂಜು ಮತ್ತು ಹುಳುವಿನ ಸಾಕ್ಷ್ಯ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೋಹದ ಬಿಡಿಭಾಗಗಳಿಗೆ ಕ್ರೋಮಿಯಂ, ನಿಕ್ಕಲ್, ಸತುವುಗಳ ಲೇಪನ ಮಾಡುವ ಸಣ್ಣ ಘಟಕಗಳು ಬಹಳವಿವೆ. ಲೇಪನದ ತೊಟ್ಟಿಯ ನೀರು ಶುದ್ಧಗೊಳ್ಳದೆ ನೆಲಕ್ಕಿಳಿದರೆ ಲೋಹವೂ ಅಂತರ್ಜಲವನ್ನು ಸೇರುತ್ತದೆ. ಈ ಭಾಗದ ಅಂತರ್ಜಲದಲ್ಲಿ ಕ್ರೋಮಿಯಂ ಮಿತಿ ಮೀರಿರುವುದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ, ಸೀಸ 0.01, ಕ್ಯಾಡ್ಮಿಯಂ 0.003 ಮಿಲಿಗ್ರಾಂ ಮೀರಬಾರದು.

ನೀರಿನಲ್ಲಿ ಲೋಹವೆಷ್ಟಿದೆ ಎಂಬುದನ್ನು ಯಂತ್ರ ಹೇಳಬಲ್ಲದು. ಅಷ್ಟು ಲೋಹ ಜೀವದೇಹದಲ್ಲಿ ಏನು ಮಾಡುತ್ತದೆ ಎಂಬುದನ್ನು ಜೀವಿಯೇ ಹೇಳಬೇಕು. ಮನುಷ್ಯರಿಗೆ ವಿಷವುಣಿಸಿ ಪರೀಕ್ಷಿಸುವಂತಿಲ್ಲ. ಇಲಿಗಳ ಮೇಲಿನ ಪ್ರಯೋಗಕ್ಕೆ ಕಾಲವೂ ಹಣವೂ ಹೆಚ್ಚು ಬೇಕು. ಆದ್ದರಿಂದ ವಿಜ್ಞಾನಿಗಳು ಒಂದು ಪುಟ್ಟ ಹುಳುವಿನ ನೆರವು ಪಡೆದಿದ್ದಾರೆ.

ಅದರ ಹೆಸರು ಸಿ. ಎಲಿಗನ್ಸ್. ಇದು ಎರೆಹುಳುವಲ್ಲ, ಮಕ್ಕಳ ಹೊಟ್ಟೆಯ ಜಂತುಹುಳುವೂ ಅಲ್ಲ. ಮಣ್ಣಿನಲ್ಲಿ, ಕೊಳೆತ ಹಣ್ಣುಗಳಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುವ ನಿರುಪದ್ರವಿ ದುಂಡುಹುಳು. ಉದ್ದ ಸುಮಾರು 1 ಮಿಲಿಮೀಟರ್. ಮೈ ಪಾರದರ್ಶಕವಾದ್ದರಿಂದ ಒಳಗಿನ ಅಂಗಗಳು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣುತ್ತವೆ. ಮೊಟ್ಟೆಯೊಡೆದು ಬಂದದ್ದು ಸುಮಾರು ಮೂರು ದಿನಗಳಲ್ಲಿ ಬೆಳೆದು ಮುನ್ನೂರರಷ್ಟು ಮರಿಗಳಿಗೆ ಜನ್ಮ ನೀಡುತ್ತದೆ. ಆಯುಷ್ಯ ಎರಡು ಮೂರು ವಾರ. ಸಿಡ್ನಿ ಬ್ರೆನ್ನರ್ ಇದನ್ನು ಪ್ರಯೋಗಾಲಯಕ್ಕೆ ತಂದರು. ಈ ಹುಳುವಿನ ಮೇಲಿನ ಸಂಶೋಧನೆಗಾಗಿ 2002ರಲ್ಲಿ ಅವರಿಗೂ ಇಬ್ಬರು ಸಹವಿಜ್ಞಾನಿಗಳಿಗೂ ನೊಬೆಲ್ ಪಾರಿತೋಷಕ ಸಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಇದರ ಅಧ್ಯಯನ ನಡೆಯುತ್ತಿದೆ.

ಲೋಹಪರೀಕ್ಷೆಯ ಕ್ರಮ ಸರಳವಾದುದು. ಒಂದೇ ವಯಸ್ಸಿನ ಹುಳುಗಳನ್ನು ಹಲವು ಬಟ್ಟಲುಗಳಿಗೆ ಹಂಚಿ, ಒಂದರಲ್ಲಿ ಲೋಹವಿಲ್ಲದ ದ್ರಾವಣವನ್ನೂ ಉಳಿದವುಗಳಲ್ಲಿ ಕ್ರಮವಾಗಿ ಏರುವ ಪ್ರಮಾಣದ ಲೋಹವನ್ನೂ ಇಡುತ್ತಾರೆ. ಎಷ್ಟು ಸತ್ತವು ಎಂದಷ್ಟೇ ನೋಡುವುದಿಲ್ಲ. ಬೆಳವಣಿಗೆ ಕುಂಠಿತವಾಯಿತೇ, ಚಲನೆ ನಿಧಾನವಾಯಿತೇ, ಸಂತಾನ ಕಡಿಮೆಯಾಯಿತೇ ಎಂದು ಎಣಿಸುತ್ತಾರೆ. ಕೊಲ್ಲದ ಪ್ರಮಾಣದ ವಿಷವೂ ಇವುಗಳನ್ನು ಕುಗ್ಗಿಸಬಲ್ಲದು ಎಂಬುದೇ ಇಲ್ಲಿಯ ಮುಖ್ಯ ಪಾಠ.

ಹುಳುವಿಗೂ ನಮಗೂ ಸಾಮ್ಯವೂ ಉಂಟು. ಕ್ಯಾಡ್ಮಿಯಂನಂತಹ ಲೋಹವನ್ನು ಹಿಡಿದಿಟ್ಟುಕೊಳ್ಳುವ ಮೆಟಲೋಥಯೋನಿನ್ ಎಂಬ ಸಸಾರಜನಕ ಎರಡೂ ದೇಹಗಳಲ್ಲಿ ತಯಾರಾಗುತ್ತದೆ. ಅದರ ಜೀನಿಗೆ ಹಸಿರು ಹೊಳಪಿನ ಸಸಾರಜನಕವನ್ನು ಜೋಡಿಸಿದ ಹುಳುಗಳು ಕ್ಯಾಡ್ಮಿಯಂ ಸೋಕಿದಾಗ ಕರುಳಿನ ಭಾಗದಲ್ಲಿ ಹೊಳೆಯುತ್ತವೆ.

ಆದರೂ ಈ ಸಾಕ್ಷ್ಯಕ್ಕೆ ಮಿತಿಯಿದೆ. ಹುಳುವಿಗೆ ಶ್ವಾಸಕೋಶವಿಲ್ಲ, ನಮ್ಮಂತಹ ಯಕೃತ್ತು, ಮೂತ್ರಪಿಂಡಗಳಿಲ್ಲ. ಲೇಪನಘಟಕದಲ್ಲಿ ಕ್ರೋಮಿಯಂ ಆವಿಯನ್ನು ವರ್ಷಗಟ್ಟಲೆ ಉಸಿರಾಡುವ ಕಾರ್ಮಿಕನಿಗೆ ಬರಬಹುದಾದ ಮೂಗಿನ ಹುಣ್ಣನ್ನಾಗಲಿ ಶ್ವಾಸಕೋಶದ ಕ್ಯಾನ್ಸರನ್ನಾಗಲಿ ಅದು ತೋರಿಸಲಾರದು. ಹುಳು ಬದುಕುಳಿದ ನೀರು ನಮಗೆ ಕುಡಿಯಲು ಯೋಗ್ಯವೆಂದು ತಿಳಿಯಲೂಬಾರದು.

ಕೈಗಾರಿಕಾ ಪ್ರದೇಶಗಳ ಸಮೀಪ ಕೊಳವೆಬಾವಿಯ ನೀರು ಬಳಸುವ ಓದುಗರಲ್ಲಿ ನಮ್ಮ ವಿನಂತಿ ಇಷ್ಟು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಅತಿನೇರಳೆ ಕಿರಣದ ಶುದ್ಧೀಕರಣವೂ ಲೋಹವನ್ನು ತೆಗೆಯದು. ಆರ್‌ಓ ಯಂತ್ರ ಬಹುಪಾಲು ತೆಗೆಯುತ್ತದೆ, ಅದರ ಪೊರೆಯನ್ನು ಕಾಲಕಾಲಕ್ಕೆ ಬದಲಿಸಬೇಕು. ಸ್ವಲ್ಪ ಪ್ರಮಾಣದ ಲೋಹಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದ್ದರಿಂದ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ನೀರನ್ನು ಕೊಡುವಾಗ ಗಡಸುತನ, ರೋಗಾಣುಗಳ ಜೊತೆಗೆ ಕ್ರೋಮಿಯಂ, ಸೀಸ, ಕ್ಯಾಡ್ಮಿಯಂಗಳನ್ನೂ ಪರೀಕ್ಷಿಸುವಂತೆ ಹೆಸರಿಸಿಯೇ ಕೇಳಬೇಕು.