ಮಳೆಗಾಲದಲ್ಲಿ ಬಾವಿ ನೀರು ಕೆಡ್ತಿದೆಯಾ? ಮೊದಲು ಶೌಚದ ಗುಂಡಿ ನೋಡಿ

ಈ ವಾರ ಬೆಳೆಯ ರೋಗ ಬಿಟ್ಟು ಮನೆಯ ಕೊಳಚೆ ನೀರಿನ ವಿಷಯ ಬರೆಯುತ್ತಿದ್ದೇನೆ. ಕಾರಣ ಇದೆ.

ನಮ್ಮ ಮನೆ ಕುಂದಾಪುರದ ಕಡಲ ಬದಿಯಲ್ಲಿದೆ. ಮಣ್ಣೆಲ್ಲ ಹೊಯಿಗೆ. ಮನೆ ಕಟ್ಟುವಾಗ ನಮ್ಮ ಬಾವಿಯಿಂದ ದೂರ ಇರಲಿ ಅಂತ ಶೌಚದ ಗುಂಡಿಯನ್ನು ಹಿತ್ತಲ ಮೂಲೆಯಲ್ಲಿ ತೆಗೆಸಿದೆವು. ಬೇಲಿಯ ಆಚೆ ಹತ್ತೇ ಹೆಜ್ಜೆಗೆ ಪಕ್ಕದ ಮನೆ ಅಕ್ಕನ ಬಾವಿ ಇದೆ ಅನ್ನೋದು ನಮ್ಮ ತಲೆಗೇ ಹೋಗಲಿಲ್ಲ. ಎರಡು ಮಳೆಗಾಲ ಅವರ ಮಕ್ಕಳಿಗೆ ವಾಂತಿ, ಭೇದಿ. ಕೊನೆಗೆ ಅವರು ನೀರು ಪರೀಕ್ಷೆಯ ಬಾಟಲಿಗೆ ಬಾವಿ ನೀರು ತುಂಬಿಸಿಟ್ಟರು. ಮರುದಿನ ಅದು ಕಪ್ಪಾಗಿತ್ತು. ಅಂದರೆ ನೀರಿಗೆ ಮಲದ ಅಂಶ ಸೇರಿರುವ ಸೂಚನೆ.

"ನಿಮ್ ಗುಂಡಿದೇ ಅಂದೇಳಿ ನಾ ಹೇಳುದಿಲ್ಲ ಮಾರಾಯ, ನೀನೇ ಬಂದ್ ಕಾಣ್" ಅಂದ್ರು.

ನಮ್ಮ ಗುಂಡಿಯ ಮುಚ್ಚಳ ತೆಗೆದೆ. ಗುಂಡಿಯ ನೀರು, ಅವರ ಬಾವಿಯ ನೀರು ಎರಡೂ ಒಂದೇ ಮಟ್ಟದಲ್ಲಿದ್ದವು. ಮತ್ತೆ ವಾದ ಮಾಡೋಕೆ ಏನೂ ಉಳಿಯಲಿಲ್ಲ.

ಯಾಕೆ ಹೀಗಾಗುತ್ತೆ?

ಗುಂಡಿಯ ನೀರು ಒಣ ಮಣ್ಣಿನಲ್ಲಿ ನಿಧಾನ ಇಳಿಯುವಾಗ ರೋಗಾಣುಗಳು ಮಣ್ಣಿಗೆ ಅಂಟಿಕೊಂಡು ಸಾಯುತ್ತವೆ. ದಪ್ಪ ಹೊಯಿಗೆಯಲ್ಲಿ ನೀರು ಬೇಗ ಹರಿದುಹೋಗುತ್ತೆ, ಸೋಸುವುದು ಕಡಿಮೆ. ಜೂನ್, ಜುಲೈ ಮಳೆಗೆ ಅಂತರ್ಜಲ ಗುಂಡಿಯ ತಳಕ್ಕೇ ಏರಿದರೆ ನಡುವೆ ಒಣ ಮಣ್ಣೇ ಇಲ್ಲ. ಕೊಳಚೆ ನೇರವಾಗಿ ಬಾವಿಯ ಒರತೆಗೆ ಸೇರುತ್ತೆ. ಕುಡಿಯುವ 100 ಮಿ.ಲೀ. ನೀರಿನಲ್ಲಿ ಇ. ಕೋಲಿ ಒಂದೂ ಕಾಣಬಾರದು ಅನ್ನೋದು ಭಾರತೀಯ ಮಾನಕ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ನಂಬಬೇಡಿ.

ನಾವು ಮಾಡಿದ ಬದಲಾವಣೆ

1. ಹಳೇ ಗುಂಡಿ ಖಾಲಿ ಮಾಡಿಸಿ ಮುಚ್ಚಿದೆವು. ಎಲ್ಲಾ ಬಾವಿಗಳಿಂದ, ನೆರೆಯವರದ್ದೂ ಸೇರಿ, 15 ಮೀಟರಿಗಿಂತ ದೂರದಲ್ಲಿ ಅವಳಿ ಗುಂಡಿ ಮಾಡಿಸಿದೆವು.

2. ಗುಂಡಿಯನ್ನು ಆಳಕ್ಕೆ ತೆಗೆಯದೆ ನೆಲದಿಂದ ಎತ್ತರಿಸಿ ಸುತ್ತ ಮಣ್ಣು ಏರಿಸಿದೆವು. ಮಳೆಗಾಲದ ನೀರಿನ ಮಟ್ಟಕ್ಕೂ ಗುಂಡಿಯ ತಳಕ್ಕೂ 2 ಮೀಟರ್ ಅಂತರ ಇದ್ದರೆ ಒಳ್ಳೆಯದು. ನಮ್ಮಲ್ಲಿ ಅಷ್ಟು ಸಿಗಲಿಲ್ಲ. ಹಾಗಾಗಿ ತಳವನ್ನು ಕಾಂಕ್ರೀಟಿನಿಂದ ಮುಚ್ಚಿ, ಸುತ್ತಲೂ ಅರ್ಧ ಮೀಟರ್ ದಪ್ಪಕ್ಕೆ ನಯವಾದ ಮರಳು ತುಂಬಿಸಿದೆವು.

3. ಒಂದು ಗುಂಡಿ ತುಂಬಿದ ಮೇಲೆ ಪೈಪ್ ಇನ್ನೊಂದಕ್ಕೆ ತಿರುಗಿಸಿ. ತುಂಬಿದ್ದನ್ನು ಎರಡು ವರ್ಷ ಮುಟ್ಟಬೇಡಿ. ಆಮೇಲೆ ಸಿಗುವ ಪುಡಿ ಗೊಬ್ಬರ ತೆಂಗಿನ ಬುಡಕ್ಕೆ ಹಾಕಬಹುದು. ಸೊಪ್ಪು, ತರಕಾರಿಗೆ ಬೇಡ.

ಬಚ್ಚಲು ನೀರು ಬೇರೆ ಇರಲಿ

ಬಚ್ಚಲು, ಪಾತ್ರೆ ತೊಳೆದ ನೀರನ್ನು ಶೌಚದ ಗುಂಡಿಗೆ ಬಿಟ್ಟರೆ ಗುಂಡಿ ಬೇಗ ತುಂಬುತ್ತೆ. ಜಲಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಐದು ಜನರ ಮನೆಗೆ 275 ಲೀಟರ್. ಅದರಲ್ಲಿ ಹೆಚ್ಚಿನ ಪಾಲು ಬಚ್ಚಲು, ಅಡುಗೆಮನೆಯದ್ದೇ. ಬೇಸಿಗೆಯಲ್ಲಿ ಇದು ನಿಮ್ಮ ತೋಟದ ನೀರು ಕಣ್ರೀ!

ನಾವು ಎರಡು ಅಡಿ ಆಳದ ಅಗಲ ಗುಂಡಿಗೆ ಒಣಗಿದ ಎಲೆ, ತೆಂಗಿನ ಸಿಪ್ಪೆ ತುಂಬಿಸಿ ಸುತ್ತ ಏರಿಯ ಮೇಲೆ ಬಾಳೆ, ಕೆಸು ನೆಟ್ಟಿದ್ದೇವೆ. ಪೈಪಿನ ಬಾಯಿಗೆ ಜಾಲರಿ ಇದೆ, ಅನ್ನದ ಅಗುಳು ಅಲ್ಲೇ ನಿಲ್ಲುತ್ತೆ. ನೀರು ಮೇಲೆ ನಿಂತರೆ ಸೊಳ್ಳೆ ಬರುತ್ತೆ, ಸಿಪ್ಪೆ ಹೆಚ್ಚಿಸಿ. ಸಾಬೂನಿನ ಉಪ್ಪಂಶ ಬಾಳೆಗೆ ಆಗುವುದಿಲ್ಲ. ಎಲೆಯ ಅಂಚು ಸುಟ್ಟಂತೆ ಕಂಡರೆ ಕೆಲವು ವಾರ ಪೈಪನ್ನು ತೆಂಗಿನ ಕಡೆ ತಿರುಗಿಸಿ.

ಈ ಮಳೆಗಾಲ ಅಕ್ಕನ ಬಾವಿ ನೀರು ಮತ್ತೆ ಪರೀಕ್ಷೆ ಮಾಡಿದೆವು. ಬಾಟಲಿ ಕಪ್ಪಾಗಲಿಲ್ಲ. ಆದರೂ ಅವರು ಕುದಿಸಿಯೇ ಕುಡಿಯುತ್ತಾರೆ, ನಾವೂ ಅಷ್ಟೇ.

ನಾಳೆಯೇ ಟೇಪ್ ಹಿಡಿದು ನಿಮ್ಮ ಗುಂಡಿಯಿಂದ ಬಾವಿಗೆ ಎಷ್ಟು ದೂರ ಅಂತ ಅಳೆಯಿರಿ. ಬೇಲಿಯ ಆಚೆಯ ಬಾವಿಯನ್ನೂ ಮರೆಯಬೇಡಿ.